ಗೋಂದಕ್ಕನ ಕೆಂಪು ಹೊಲಿಗೆ

ಬೀದಿಯವರೆಲ್ಲ ಅವಳನ್ನು ಗೋಂದಕ್ಕ ಎಂದೇ ಕರೆಯುವುದು. ನನ್ನ ತಂಗಿಯ ಮಗಳು. ಯಾವಾಗ ನೋಡಿದರೂ ಬೆರಳ ತುದಿಯಲ್ಲಿ ಒಣಗಿದ ಅಂಟಿನ ಪೊರೆ ಇರುತ್ತದೆ, ಮಾತಾಡುತ್ತ ಮಾತಾಡುತ್ತ ಅದನ್ನು ಸುಲಿಯುತ್ತಾಳೆ. ಇವಳಿಗೆ ಚಿಲ್ಲರೆ ಕೊಟ್ಟರೆ ನಾಣ್ಯ ಅಂಗೈಗೇ ಕಚ್ಚಿಕೊಳ್ಳುತ್ತದೆ ಎಂದು ತರಕಾರಿಯವನು ಒಮ್ಮೆ ನಕ್ಕಿದ್ದ. ಅಂದಿನಿಂದ ಆ ಹೆಸರು ನಿಂತುಬಿಟ್ಟಿತು.

ಹದಿನಾಲ್ಕು ವರ್ಷ ಒಂದು ಪ್ರೆಸ್ಸಿನಲ್ಲಿ ಪುಸ್ತಕ ಹೊಲಿದವಳು. ಅಲ್ಲಿಗೆ ಹೊಲಿಯುವ ಯಂತ್ರ ಬಂತು, ಇವಳು ಹೊರಗೆ ಬಂದಳು. ದಬ್ಬಳ, ಮೇಣದ ಉಂಡೆ, ಹಾಳೆ ಮಡಚುವ ಮೂಳೆಪಟ್ಟಿ, ಒಂದು ಅಂಟಿನ ಡಬ್ಬಿ ಇಷ್ಟನ್ನೂ ಒಂದೇ ಚೀಲದಲ್ಲಿ ತುಂಬಿಕೊಂಡು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಂದು ಕೂತಳು.

"ದೊಡ್ಡಮ್ಮ, ಕೈಯಲ್ಲಿ ಹೊಲಿದ ನೋಟ್‌ಬುಕ್ ಮಾಡ್ತೀನಿ. ಫೋಟೋ ತೆಗೆದು ಇನ್‌ಸ್ಟಾಗ್ರಾಂನಲ್ಲಿ ಹಾಕ್ತೀನಿ. ನೋಡಿದೋರು ತಗೋತಾರೆ."

"ನೋಡದೆ ಇದ್ರೆ?"

"ನೋಡೋ ಹಾಗೆ ಮಾಡ್ತೀನಿ, ನೋಡ್ತಾ ಇರು."

ಆ ಕೋಣೆಯ ಮೇಲೆ ನನ್ನ ಮಗನಿಗೂ ಕಣ್ಣಿತ್ತು. ಅವನದು ಪಕ್ಕದಲ್ಲೇ ಟೈರ್ ಅಂಗಡಿ. ಮಾಲು ಇಡಲು ಜಾಗ ಸಾಲದೆ ಟೈರುಗಳು ಮೆಟ್ಟಿಲ ಮೇಲೆಲ್ಲ ಹತ್ತಿ ಕೂತಿದ್ದವು. ಒಂದು ದಿನ ಊಟಕ್ಕೆ ಕೂತಾಗ ಅವನು ಮಾತು ತೆಗೆದ.

"ನೋಡಮ್ಮ ತಂಗಿ, ಈ ತಿಂಗಳ ಕೊನೆಯೊಳಗೆ ಗುರುತು ಪರಿಚಯ ಇಲ್ಲದೋರು ಇಪ್ಪತ್ತು ಜನ ನಿನ್ನ ಪುಸ್ತಕ ಕೇಳ್ಲಿ, ರೂಮು ನಿಂದೇ. ಇಲ್ಲಾಂದ್ರೆ ಟೈರಿಗೆ. ನೆಂಟರು, ಗೆಳತಿಯರು, ಪಕ್ಕದ್ಮನೆಯೋರು ಯಾರೂ ಲೆಕ್ಕಕ್ಕಿಲ್ಲ."

"ಆಯ್ತು ಅಣ್ಣ. ಆಮೇಲೆ ಮಾತು ತಿರುಗಿಸಬಾರದು."

"ನಾನಾ? ಟೈರು ಮಾರೋನಮ್ಮ ನಾನು, ತಿರುಗೋದು ಟೈರು ಮಾತ್ರ."

ಅವಳು ನಕ್ಕಳು. ಆದರೆ ಸೋತರೆ ಏನೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಪೆಟ್ಟಿಗೆ ಎಣಿಸುವ ಕೆಲಸ ಅವಳಿಗಾಗಿ ಕಾದಿತ್ತು. ಅಲ್ಲಿ ದಬ್ಬಳ ಹಿಡಿಯುವ ಮಾತೇ ಇಲ್ಲ.

ಮೊದಲ ವಾರಗಳಲ್ಲಿ ಅವಳು ಬೇರೆಯವರನ್ನು ನೋಡಿ ನೋಡಿ ಫೋಟೋ ತೆಗೆದಳು. ಅವರೆಲ್ಲ ಪುಸ್ತಕದ ಪಕ್ಕ ಒಣಗಿದ ಹೂವು ಇಡುತ್ತಾರಂತೆ, ಇವಳೂ ಇಟ್ಟಳು. ಕಾಫಿ ಲೋಟ ಇಡುತ್ತಾರಂತೆ, ಅದನ್ನೂ ಇಟ್ಟಳು. ಬೆಳಕು ಚೆನ್ನಾಗಿ ಬೀಳಲೆಂದು ಕಿಟಕಿಯ ಬಳಿ ಸ್ಟೂಲು ಎಳೆದು, ಅದರ ಮೇಲೆ ನನ್ನ ಬಿಳಿ ಹಾಸಿಗೆ ಹೊದಿಕೆ ಹಾಸಿ, ತಾನು ಮಂಚದ ಮೇಲೆ ಹತ್ತಿ ನಿಂತು ಬಗ್ಗಿ ಫೋನು ಹಿಡಿಯುತ್ತಿದ್ದಳು. ಒಮ್ಮೆ ಕಾಫಿ ಚೆಲ್ಲಿ ಹೊದಿಕೆಯೂ ಹೋಯಿತು, ಪುಸ್ತಕವೂ ಹೋಯಿತು. ಪ್ರತಿ ಸಂಜೆ ಆರಕ್ಕೆ ಸರಿಯಾಗಿ ಹಾಕಬೇಕು, ಜನ ಕೆಲಸ ಮುಗಿಸಿ ಫೋನು ಹಿಡಿಯುವ ಹೊತ್ತದು ಎಂದು ಗಡಿಯಾರ ನೋಡುತ್ತಾ ಕೂರುತ್ತಿದ್ದಳು.

ಫೋಟೋದ ಕೆಳಗೆ ಜನ ಬರೆಯುತ್ತಿದ್ದುದನ್ನು ನನಗೆ ಓದಿ ಹೇಳುತ್ತಿದ್ದಳು. ಒಬ್ಬಳು ಬರೆದಳಂತೆ: "ಆ ಲೋಟ ಎಲ್ಲಿ ತಗೊಂಡ್ರಿ ಅಕ್ಕ?"

ಮಗನಿಗೆ ಅಷ್ಟು ಸಾಕಾಯಿತು. "ಗೋಂದಕ್ಕ, ಲೋಟದ ವ್ಯಾಪಾರ ಶುರು ಮಾಡು. ಇಪ್ಪತ್ತಲ್ಲ, ಇನ್ನೂರು ಜನ ಬರ್ತಾರೆ!"

ಇಪ್ಪತ್ತೈದನೇ ತಾರೀಕಿನ ಹೊತ್ತಿಗೆ ಪುಸ್ತಕ ಕೇಳಿದ ಹೊರಗಿನವರು ಆರೇ ಜನ.

ಇನ್ನು ಕೆಂಪು ದಾರದ ವಿಷಯ. ಬೆಳಿಗ್ಗೆ ಅವಳ ಸೂಜಿಗಳಿಗೆ ದಾರ ಪೋಣಿಸಿ ಮೇಣ ಸವರಿಡುವುದು ನನ್ನ ಪಾಲಿನ ಕೆಲಸ. ಕಣ್ಣಿಗೆ ಪೊರೆ ಬರುತ್ತಿದೆ, ಬಿಳಿ ಹಾಳೆಯ ಮುಂದೆ ಬಿಳಿ ದಾರ ನನಗೆ ಕಾಣುವುದೇ ಇಲ್ಲ. ಅಂದು ಸಾಕಾಗಿ ಹಳೆಯ ಉಂಡೆಯೊಂದರಿಂದ ಕೆಂಪು ದಾರ ಎಳೆದು ಎಲ್ಲ ಸೂಜಿಗೂ ಪೋಣಿಸಿಬಿಟ್ಟೆ.

"ಅಯ್ಯೋ ದೊಡ್ಡಮ್ಮ, ಕೆಂಪಾ?" ಎಂದಳು. ಆಮೇಲೆ ತಾನೇ, "ಹೋಗ್ಲಿ ಬಿಡು, ಬೆನ್ನಿನ ಮೇಲೆ ಬಟ್ಟೆ ಅಂಟಿಸ್ತೀನಲ್ಲ. ಯಾರ ಕಣ್ಣಿಗೆ ಬೀಳುತ್ತೆ?" ಎಂದು ಹೊಲಿಯಲು ಕೂತಳು.

ಪುಸ್ತಕ ಹೊಲಿಯುವವರ ಕಸುಬಿನ ಮೊದಲ ಪಾಠವೇ ಅದು: ಹೊಲಿಗೆ ಕಾಣಬಾರದು. ಹಾಳೆಗಳನ್ನು ಮಡಚಿ, ಕಟ್ಟು ಕಟ್ಟಾಗಿ ಒಂದರ ಮೇಲೊಂದು ಜೋಡಿಸಿ, ಬೆನ್ನಿನಲ್ಲಿ ಹೊಲಿದ ಮೇಲೆ ಬಟ್ಟೆ ಮತ್ತು ರಟ್ಟು ಹಾಕಿ ಮುಚ್ಚಬೇಕು. ಮುಚ್ಚದ ಪುಸ್ತಕ ಅಂದರೆ ಅಂಗಿಯ ಗುಂಡಿ ಹಾಕದೆ ಬೀದಿಗೆ ಬಂದವನ ಹಾಗೆ. ಇದನ್ನು ಅವಳಿಗೆ ಹೇಳಿಕೊಟ್ಟವರು ಪ್ರೆಸ್ಸಿನ ಹಳೆಯ ಮೇಸ್ತ್ರಿ. ಕೆಲಸ ಬಿಟ್ಟು ಈಗ ಎರಡು ಬೀದಿ ಆಚೆ ಇದ್ದಾರೆ.

ಆ ದಿನ ರಟ್ಟು ಅಂಟಿಸುವುದನ್ನು ವಿಡಿಯೋ ಮಾಡಿ ತೋರಿಸಬೇಕೆಂದು ಅವಳು ಫೋನನ್ನು ಅಂಟಿನ ಡಬ್ಬಿಗೆ ಒರಗಿಸಿಟ್ಟಳು. ಗುಂಡಿಯನ್ನು ಹೊಲಿಗೆ ಶುರುವಾಗುವ ಮುಂಚೆಯೇ ಒತ್ತಿದ್ದಾಳೆ. ಬಟ್ಟೆ ಹಚ್ಚುವ ಹೊತ್ತಿಗೆ ಫೋನಿನ ಹೊಟ್ಟೆ ತುಂಬಿ ಅದು ನಿಂತೇಹೋಗಿದೆ. ಆರು ಗಂಟೆ ಬಡಿಯಿತು. ಇವಳ ಕೈಯಲ್ಲಿ ಅಂಟು, ಕಣ್ಣು ಗಡಿಯಾರದ ಮೇಲೆ, ಅರೆಬರೆ ನೋಡಿ ಅದನ್ನೇ ಹಾಕಿ ಕೈತೊಳೆಯಲು ಹೋದಳು.

ಫೋನು ನನ್ನ ಪಕ್ಕದಲ್ಲಿತ್ತು. ಟಿಂಗ್ ಎಂದಿತು. ಮತ್ತೆ ಟಿಂಗ್. ಆಮೇಲೆ ಬಿಸಿ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಒಂದೇ ಸಮನೆ ಟಿಂಗ್ ಟಿಂಗ್ ಟಿಂಗ್.

"ಏನೇ ಇದು, ಕೆಟ್ಟುಹೋಯ್ತಾ?"

ಅವಳು ಒದ್ದೆ ಕೈಯಲ್ಲೇ ಓಡಿಬಂದು ನೋಡಿ ಬಾಯಿ ಮುಚ್ಚಿಕೊಂಡಳು. "ದೊಡ್ಡಮ್ಮ, ಬೆತ್ತಲೆ ಬೆನ್ನು ಹಾಕಿಬಿಟ್ಟಿದೀನಿ!"

"ಜನ ಬೈತಿದಾರಾ?"

"ಇಲ್ಲ. ಕೇಳ್ತಿದಾರೆ. ಕೆಂಪು ಹೊಲಿಗೆ ಎಷ್ಟು ಚೆಂದ ಅಂತಿದಾರೆ. ದಾರ ಎಳೆಯೋ ಸದ್ದು ಕೇಳ್ತಾನೇ ಇರೋಣ ಅನ್ಸುತ್ತಂತೆ. ಇಲ್ಲಿ ನೋಡು, 'ಬಟ್ಟೆ ಅಂಟಿಸ್ಬೇಡಿ, ಹೀಗೇ ಕೊಡಿ'..."

ಎಣಿಸಿದಳು. ಹೊರಗಿನವರೇ ಒಂಬತ್ತು ಜನ. ಆರೂ ಒಂಬತ್ತೂ ಸೇರಿ ಹದಿನೈದು! ಒಂದು ಸುತ್ತು ಕುಣಿದೇಬಿಟ್ಟಳು. ಮರುಕ್ಷಣವೇ ಮಂಚದ ತುದಿಯಲ್ಲಿ ಕುಕ್ಕರಿಸಿದಳು.

"ಆದ್ರೆ ಇದನ್ನ ಹೆಂಗೆ ಕೊಡ್ಲಿ? ಬಟ್ಟೆ ಇಲ್ಲದೆ ಈ ಹೊಲಿಗೆ ನಿಲ್ಲಲ್ಲ ದೊಡ್ಡಮ್ಮ. ನಾಲ್ಕು ದಿನಕ್ಕೆ ಹಾಳೆ ಬಿಚ್ಚಿಹೋಗುತ್ತೆ. ಮೇಸ್ತ್ರಿಗೆ ಗೊತ್ತಾದ್ರೆ ನನ್ನ ಮುಖ ನೋಡಲ್ಲ."

ವಿಡಿಯೋ ತೆಗೆದುಹಾಕಲೇ ಎಂದು ಬೆರಳು ಮೇಲೆತ್ತಿದಳು. ತೆಗೆದರೆ ಒಂಬತ್ತು ಜನ ಹೋದರು, ಕೋಣೆಯೂ ಹೋಯಿತು. ಬಿಟ್ಟರೆ ಕಸುಬಿನ ಮಾನ ಹೋಯಿತು. ಕೊನೆಗೆ ಬೆರಳು ಕೆಳಗಿಳಿಸಿ ಸೂಜಿ ಎತ್ತಿಕೊಂಡಳು.

"ನಿಲ್ಲೋ ಹಾಗೆ ಹೊಲಿದ್ರೆ?" ಎಂದಳು, ನನಗಲ್ಲ, ಸೂಜಿಗೆ.

ಮರುದಿನ ಬೆಳಗಾಗುತ್ತಲೇ ಕೂತಳು. ಪ್ರತಿ ಹೊಸ ಕಟ್ಟಿನ ದಾರವನ್ನು ಕೆಳಗಿನ ಕಟ್ಟಿನ ಹೊಲಿಗೆಯೊಳಗೆ ಸಿಕ್ಕಿಸಿ ಎಳೆದಳು, ಜಡೆ ಹೆಣೆದ ಹಾಗೆ. ಎರಡು ಸಲ ಬಿಚ್ಚಿದಳು. ಮೂರನೆಯ ಸಲ ಬೆನ್ನಿನ ಉದ್ದಕ್ಕೂ ನಾಲ್ಕು ಕೆಂಪು ಜಡೆಗಳು ಇಳಿದು ನಿಂತವು. ನನ್ನ ಪೊರೆಗಣ್ಣಿಗೂ ಕಾಣುವಷ್ಟು ಕೆಂಪು.

ಹನ್ನೊಂದು ಗಂಟೆಗೆ ಬಾಗಿಲಲ್ಲಿ ಕೋಲಿನ ಸದ್ದು. ಮೇಸ್ತ್ರಿ! ಕ್ಷೌರದಂಗಡಿಯಲ್ಲಿ ಯಾರದೋ ಫೋನಿನಲ್ಲಿ ನೋಡಿದರಂತೆ. ಅರ್ಧ ಗಡ್ಡ ಹೆರೆಸಿಕೊಂಡು ಅರ್ಧಕ್ಕೇ ಎದ್ದು ಬಂದಿದ್ದರು.

"ಏನಮ್ಮ ಇದು, ಅರ್ಧ ಕೆಲಸ ಜನಕ್ಕೆ ತೋರಿಸ್ತಾರಾ?"

"ನೀವೂ ಅರ್ಧ ಗಡ್ಡದಲ್ಲೇ ಬಂದಿದೀರಲ್ಲ ಮೇಸ್ತ್ರಿ," ಎಂದೆ. ಅವರು ಕೆನ್ನೆ ಸವರಿಕೊಂಡು ಒಳಗೆ ಬಂದರು.

ನಿನ್ನೆಯ ಹೊಲಿಗೆಯಂತೆಯೇ ಹೊಲಿದು ಬಟ್ಟೆ ಹಾಕದೆ ಬಿಟ್ಟಿದ್ದ ಒಂದು ಪುಸ್ತಕ ಸ್ಟೂಲಿನ ಮೇಲಿತ್ತು. ಮೇಸ್ತ್ರಿ ಅದರ ಒಂದೇ ಹಾಳೆ ಹಿಡಿದು ಇಡೀ ಪುಸ್ತಕವನ್ನು ತೂಗಾಡಿಸಿ ಕೊಡವಿದರು. ಪ್ರೆಸ್ಸಿನ ಹಳೆಯ ಪರೀಕ್ಷೆ ಅದು. ಎರಡು ಕಟ್ಟು ಕಿತ್ತುಕೊಂಡು ನೆಲಕ್ಕೆ ಬಿದ್ದವು.

"ನೋಡಿದ್ಯಾ?"

"ನೋಡ್ದೆ. ಈಗ ಇದನ್ನ ಕೊಡವಿ," ಎಂದು ಬೆಳಗಿನದನ್ನು ಕೊಟ್ಟಳು.

ಕೊಡವಿದರು. ಇನ್ನೊಮ್ಮೆ ಜೋರಾಗಿ ಕೊಡವಿದರು. ಕೋಲು ಗೋಡೆಗೆ ಒರಗಿಸಿ ಎರಡೂ ಕೈಯಲ್ಲಿ ಕೊಡವಿದರು. ಒಂದು ಹಾಳೆಯೂ ಅಲುಗಲಿಲ್ಲ. ಆಮೇಲೆ ಸ್ಟೂಲಿನ ಮೇಲಿಟ್ಟು ನಡುವೆ ಬಿಡಿಸಿದರು. ಪುಸ್ತಕ ಚಾಪೆಯ ಹಾಗೆ ಎರಡೂ ಕಡೆ ಚಪ್ಪಟೆಯಾಗಿ ಮಲಗಿತು. ಬಟ್ಟೆ ಹಾಕಿದ್ದು ಹಾಗೆ ಮಲಗುವುದಿಲ್ಲ, ಕೈ ತೆಗೆದೊಡನೆ ಮುಚ್ಚಿಕೊಳ್ಳಲು ನೋಡುತ್ತದೆ. ಮೇಸ್ತ್ರಿ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ಕೊನೇ ಗಂಟು ಸಡಿಲ ಇದೆ," ಎಂದರು. "ಬಿಚ್ಚು. ತೋರಿಸಿಕೊಡ್ತೀನಿ."

ಗೋಂದಕ್ಕ ನನ್ನನ್ನು ನೋಡಿದಳು. ಆ ಮುಖವನ್ನು ಬರೆದು ತೋರಿಸಲು ನನಗೆ ಬರುವುದಿಲ್ಲ. ತಕ್ಷಣ ಫೋನು ತಂದು ಡಬ್ಬಿಗೆ ಒರಗಿಸಿದಳು.

"ಏಯ್, ನನ್ನ ಮುಖ ಬರುತ್ತಾ?"

"ಇಲ್ಲ ಮೇಸ್ತ್ರಿ, ಕೈ ಮಾತ್ರ."

"ಕೈಯಾ? ಹಾಗಾದ್ರೆ ತಡಿ, ಮೊದ್ಲು ಉಗುರು ಕತ್ತರಿಸ್ಕೋತೀನಿ!"

ಸಂಜೆ ಆರಕ್ಕೆ ಅದನ್ನು ಹಾಕಿದಳು. ಹೂವಿಲ್ಲ, ಲೋಟವಿಲ್ಲ, ಹಾಡೂ ಇಲ್ಲ. ಮೇಣ ಹಚ್ಚಿದ ದಾರ ಹಾಳೆಯಲ್ಲಿ ಸರ್ರನೆ ಹಾಯುವ ಸದ್ದು, ಅದರ ಹಿಂದೆ ಮೇಸ್ತ್ರಿ ಗದರುವುದು: "ಎಳಿ, ಎಳಿ, ಹರಿಯೋ ಹಾಗಲ್ಲ, ಕೂರೋ ಹಾಗೆ." ವಿಡಿಯೋದ ಕೆಳಗೆ, ಇದ್ದದ್ದನ್ನು ಇದ್ದ ಹಾಗೆ ಬರೆದಳು: ಮೊದಲು ತೋರಿಸಿದ ಹೊಲಿಗೆ ಬಟ್ಟೆಯಿಲ್ಲದೆ ನಿಲ್ಲುತ್ತಿರಲಿಲ್ಲ, ಇದು ನಿಲ್ಲುತ್ತದೆ, ಇದನ್ನೇ ಕಳಿಸುತ್ತೇನೆ. ಅಷ್ಟೇ.

ತಿಂಗಳ ಕೊನೆಯ ದಿನ ಮಗ ಅಳತೆ ಟೇಪು ಹಿಡಿದು ಬಂದ, ಟೈರು ಎಷ್ಟು ಹಿಡಿಯುತ್ತವೆ ನೋಡಲು. ಅವಳು ಪುಸ್ತಕ ಕೇಳಿದವರ ಪಟ್ಟಿ ಮುಂದಿಟ್ಟಳು. ಅವನು ಬೆರಳಿಟ್ಟು ಒಂದೊಂದೇ ಹೆಸರು ಓದಿದ.

"ಇವನ್ಯಾರು? ನಿನ್ನ ಗೆಳತಿ ಅಣ್ಣ ಅಲ್ವಾ?"

"ಅವನು ಬೇರೆ. ಇವನು ಬೇರೆ ಊರಿನೋನು. ವಿಳಾಸ ಓದಣ್ಣ."

ಮೂವತ್ತನಾಲ್ಕು. ಅವನು ಮತ್ತೆ ಮೊದಲಿಂದ ಓದಿದ. ಆಗಲೂ ಮೂವತ್ತನಾಲ್ಕೇ. ಅಷ್ಟರಲ್ಲಿ ಫೋನು ಟಿಂಗ್ ಎಂದಿತು.

"ಮೂವತ್ತೈದು," ಎಂದೆ ನಾನು.

ಮಗ ತಲೆ ಕೆರೆದುಕೊಂಡು ಕೋಣೆಯನ್ನೊಮ್ಮೆ ನೋಡಿದ. ರಟ್ಟು ಒಂದು ಮೂಲೆಯಲ್ಲಿ, ಹಾಳೆ ಮಂಚದ ಮೇಲೆ, ಪುಟ್ಟ ಸ್ಟೂಲಿನ ಮೇಲೆ ಇವಳ ಇಡೀ ಕಾರ್ಖಾನೆ. ಟೇಪಿನ ಒಂದು ತುದಿಯನ್ನು ಅವಳ ಕೈಗೆ ಕೊಟ್ಟ.

"ಹಿಡ್ಕೋ. ಕಿಟಕಿಯಿಂದ ಬಾಗಿಲ ತನಕ ಒಂದು ಉದ್ದ ಮೇಜು ಹಾಕ್ಸೋಣ. ಸ್ಟೂಲ್ ಮೇಲೆ ಮೂವತ್ತೈದು ಪುಸ್ತಕ ಹೆಂಗೆ ಹೊಲೀತೀಯ?"

"ಟೈರು?"

"ತಾರಸಿ ಮೇಲಿರ್ಲಿ, ಗಾಳಿ ಕುಡೀಲಿ. ಬಿಗಿಯಾಗಿ ಎಳಿಯೇ! ಟೇಪು ಜೋಲು ಬಿದ್ದಿದೆ."

"ಹರಿಯೋ ಹಾಗಲ್ಲ, ಕೂರೋ ಹಾಗೆ ಅಣ್ಣ," ಎಂದಳು ಗೋಂದಕ್ಕ, ಟೇಪನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದು. ಅವಳು ಬೆರಳು ತೆಗೆದರೂ ಟೇಪು ಅಲ್ಲೇ ಅಂಟಿಕೊಂಡಿತ್ತು.