ನಿಂತ ಜೀಪಿನ ತೆರಿಗೆ

ನಿಂತ ಗಾಡಿಗೆ ತೆರಿಗೆ ಕಟ್ಟುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಆ ಸಿಟ್ಟಿಗೆ ಕಾರಣ ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ. ಮಾವ ಇದ್ದಷ್ಟು ದಿನ ಬಾಡಿಗೆ ಜೀಪು ಓಡಿಸಿದರು. ಅವರು ಹೋದ ಮೇಲೆ ಹಳದಿ ಬೋರ್ಡಿನ ಆ ಜೀಪು ಅತ್ತೆಯ ಹೆಸರಿಗೆ ಬಂತು, ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತಿತು. ಅತ್ತೆಗೆ ಗಾಡಿ ಓಡಿಸಲು ಬರುವುದಿಲ್ಲ. ತಿಂಗಳಿಗೆ ಮೂರು ಸಲ ಅದು ಶೆಡ್ಡು ಬಿಟ್ಟು ಹೊರಟರೆ ಅದೇ ದೊಡ್ಡದು. ಆದರೂ ಮೂರು ತಿಂಗಳಿಗೊಮ್ಮೆ ಕಟ್ಟುವ ರೋಡ್ ಟ್ಯಾಕ್ಸು ಮಾತ್ರ ತಪ್ಪುವ ಹಾಗಿರಲಿಲ್ಲ. ಗಡುವಿಗೆ ಇನ್ನೂ ಹದಿನೈದು ದಿನ ಇರುವಾಗಲೇ ಸೆರಗಿನ ಗಂಟು ಬಿಚ್ಚಿ, "ಹೋಗು, ಮಾನಂದವಾಡೀಲಿ ಕಟ್ಟಿ ಬಾ" ಎಂದು ನನ್ನನ್ನು ಅಟ್ಟುತ್ತಿದ್ದರು.

ನಾನು ಅತ್ತೆಯ ಮನೆಯಲ್ಲೇ ಬೆಳೆದವನು, ಪಂಪ್‌ಸೆಟ್ ರಿಪೇರಿಯವನು. ಆ ಜೀಪಿಗೆ ಮೆಕ್ಯಾನಿಕ್ಕೂ ನಾನೇ, ಡ್ರೈವರೂ ನಾನೇ. ಹಾಗಾಗಿ ಮಾತಾಡುವ ಹಕ್ಕು ನನಗೆ ಹೆಚ್ಚು ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಗಡಿಯ ಈಚೆ ಮಲಯಾಳ ಸೀಮೆಯಲ್ಲಿ, ತೋಲ್ಪೆಟ್ಟಿ ರಸ್ತೆ ಕೂಡುವಲ್ಲಿರುವ ಚಾಯದ ಅಂಗಡಿಯಲ್ಲಿ ಕೂತು ಭಾಷಣ ಬಿಗಿಯುತ್ತಿದ್ದೆ. ಗಾಡಿ ಇದೆ ಅನ್ನುವುದಕ್ಕೇ ಯಾಕೆ ತೆರಿಗೆ? ಓಡಿದರೆ ತಾನೇ ರಸ್ತೆ ಸವೆಯುವುದು? ಈ ಟ್ಯಾಕ್ಸನ್ನು ಕಿತ್ತೆಸೆದು ಅಷ್ಟನ್ನೂ ಡೀಸೆಲ್ ಮೇಲೆ ಹಾಕಲಿ. ಹೆಚ್ಚು ಓಡಿಸಿದವನು ಹೆಚ್ಚು ಕೊಡಲಿ, ನಿಲ್ಲಿಸಿಕೊಂಡವನು ನೆಮ್ಮದಿಯಾಗಿರಲಿ. ಕಚೇರಿ ಇಲ್ಲ, ಫಾರಂ ಇಲ್ಲ, ದಂಡ ಇಲ್ಲ.

ಅಂಗಡಿಯವನು ಚಾಯ ಎತ್ತಿ ಹುಯ್ಯುತ್ತಾ ನಗುತ್ತಿದ್ದ. "ಹಾಕ್ಲಿ ಹಾಕ್ಲಿ. ಈಗ್ಲೇ ಅರ್ಧ ಊರು ಗಡಿ ದಾಟಿ ಕುಟ್ಟಕ್ಕೋಗಿ ಕರ್ನಾಟಕದ ಡೀಸಲ್ ತುಂಬುಸ್ಕಂಡು ಬತ್ತದೆ. ಇನ್ನೂ ಏರ್ಸುದ್ರೆ ನಮ್ ಕಡೆ ಬಂಕ್‌ನವ್ರು ಕೂತು ನೊಣ ಹೊಡೀಬೇಕು."

"ಅದ್ಕೇ ಇಡೀ ದೇಶಕ್ಕೆ ಒಂದೇ ರೇಟು ಮಾಡ್ಬೇಕು" ಅನ್ನುತ್ತಿದ್ದೆ ನಾನು. ನನ್ನ ಹತ್ತಿರ ಎಲ್ಲದಕ್ಕೂ ಉತ್ತರ ಇತ್ತು.

ಆ ಭಾಷಣಕ್ಕೆ ಪೆಟ್ಟು ಬಿದ್ದಿದ್ದು ಒಂದೇ ಸಲ. ಅವತ್ತು ಅಲ್ಲಿ ಹಾಡಿಯ ಅವ್ವ ಬಸ್ಸಿಗೆ ಕಾಯುತ್ತಿದ್ದರು. ಅತ್ತೆಯ ವಯಸ್ಸಿನವರು, ಕಾಡಂಚಿನ ಹಾಡಿಯಿಂದ ಅತ್ತೆಯ ತೋಟಕ್ಕೆ ನಾನು ಹುಟ್ಟುವ ಮೊದಲಿನಿಂದ ಕೆಲಸಕ್ಕೆ ಬರುವವರು, ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವರು, ಇವತ್ತಿಗೂ ಮಲಯಾಳದಲ್ಲಿ ಮಗನೇ ಎಂದೇ ಕರೆಯುವವರು. ಎಲೆ ಅಡಿಕೆ ಜಗಿಯುತ್ತ ನನ್ನ ಭಾಷಣ ಪೂರ್ತಿ ಕೇಳಿಸಿಕೊಂಡರು. "ಅಲ್ಲಾ ಮೋನೇ, ನಂಗೆ ವಂಡಿ ಇಲ್ಲ, ಟ್ಯಾಕ್ಸೂ ಇಲ್ಲ. ನೀ ಅದ್ನ ಡೀಸಲ್‌ಗೆ ಹಾಕುದ್ರೆ ಬಸ್ ಚೀಟೀಲಿ ನಾನೂ ಕಟ್ಬೇಕಲ್ಲ? ವಂಡಿ ನಿಮ್ದು, ಭಾರ ನನ್ ತಲೆ ಮ್ಯಾಲಾ?" ಎಂದರು. ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಒಳಗೆ ಉರಿಯಿತು.

ಅತ್ತೆಯದು ಇನ್ನೊಂದೇ ವಾದ. "ಓಡಿದ್ದಕ್ಕೆ ಡೀಸಲ್ ಹಾಕುಸ್ತೀವಿ. ಟ್ಯಾಕ್ಸು ಓಡಿದ್ದಕ್ಕಲ್ಲ ಕಣೋ, ಕರ್ದಾಗ ಓಡ್ಬೋದು ಅನ್ನೋದಕ್ಕೆ." ನಮ್ಮ ಊರು ರಸ್ತೆಯಿಂದ ಎರಡು ಮೈಲಿ ಒಳಗೆ. ಮಳೆ ಹಿಡಿಯಿತೆಂದರೆ ಆಟೋದವರು ಆ ಕೆಸರಿಗೆ ಇಳಿಯುವುದಿಲ್ಲ, ಮೊಬೈಲಿಗೆ ರೇಂಜು ಸಿಗುವುದಿಲ್ಲ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲವಿದ್ದ ಗಾಡಿ ಅಂದರೆ ಅದೊಂದೇ. ಹಾಡಿಗೂ ನಮ್ಮ ಹತ್ತು ಮನೆಗೂ ಆಸ್ಪತ್ರೆ ದಾರಿ ಅದರ ಮೇಲೇ. ಅತ್ತೆ ಯಾರಿಂದಲೂ ಬಾಡಿಗೆ ಮುಟ್ಟಿದವರಲ್ಲ, ಡೀಸೆಲ್ ಹಾಕಿಸಿದರೆ ಸಾಕು ಅನ್ನುತ್ತಿದ್ದರು. ನನಗೆ ಇದೆಲ್ಲ ಹೆಂಗಸರ ಹಟ ಅನ್ನಿಸುತ್ತಿತ್ತು. ದಡ್ಡ ನಾನು.

ಎರಡು ಮಳೆಗಾಲದ ಹಿಂದೆ ಯಾರೋ ನನಗೆ ಜಿ ಫಾರಂ ವಿಷಯ ಹೇಳಿದರು. ಇಂಥ ತಿಂಗಳಲ್ಲಿ ಗಾಡಿ ಓಡಿಸುವುದಿಲ್ಲ, ಇಂಥ ಕಡೆ ನಿಲ್ಲಿಸಿರುತ್ತೇವೆ ಎಂದು ಮೊದಲೇ ಬರೆದುಕೊಟ್ಟರೆ ಅಷ್ಟು ದಿನದ ತೆರಿಗೆ ಬಿಡುತ್ತಾರೆ. ಬರೆದುಕೊಟ್ಟ ಮೇಲೂ ಓಡಿಸಿದರೆ ದಂಡ. ಆಹಾ, ನನಗಾದ ಖುಷಿ ಹೇಳತೀರದು. ಫಾರಂ ಮಲಯಾಳದಲ್ಲಿತ್ತು. ಅತ್ತೆ ಮಲಯಾಳ ಚೆನ್ನಾಗಿ ಮಾತಾಡುತ್ತಾರೆ, ಓದಲು ಬರುವುದಿಲ್ಲ.

"ಏನೋ ಇದು?"

"ಟ್ಯಾಕ್ಸಿನ ಕಾಗದ ಅತ್ತೆ."

ಸುಳ್ಳಲ್ಲ ನೋಡಿ! ಅವರು ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ರುಜು ಹಾಕಿದರು. ಅವರು ಕೊಟ್ಟ ದುಡ್ಡಿನಲ್ಲಿ ಜೀಪಿಗೇ ಹೊಸ ಟಾರ್ಪಾಲು ಹೊಲಿಸಿ, ಆಮೇಲೆ ಗುಟ್ಟು ಹೇಳಿ ಶಹಬ್ಬಾಸ್ ಅನ್ನಿಸಿಕೊಳ್ಳುವುದು ನನ್ನ ಲೆಕ್ಕಾಚಾರ.

ಕಚೇರಿಯವರು ನೋಡಲು ಬಂದರೆ ಗಾಡಿ ನಿಜಕ್ಕೂ ನಿಂತಂತೆ ಕಾಣಬೇಕಲ್ಲ. ನಾಲ್ಕು ಚಕ್ರವನ್ನೂ ಬಿಚ್ಚಿ ಗೋಡೆಗೆ ಒರಗಿಸಿ, ಜೀಪನ್ನು ಕಲ್ಲುಗಳ ಮೇಲೆ ಕೂರಿಸಿದೆ. ಟಯರಿಗೆ ಒಳ್ಳೆಯದು ಎಂದು ಅತ್ತೆಗೆ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. "ಯಾರಾದ್ರೂ ಕರುದ್ರೆ?"

"ಹತ್ತೇ ನಿಮಿಷ ಅತ್ತೆ. ಚಕ್ರ ಹಾಕ್ಬಿಡ್ತೀನಿ."

"ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡ್ದಂಗೆ" ಎಂದು ಗೊಣಗಿ ಒಳಗೆ ಹೋದರು.

ಒಂದು ಬೆಳಿಗ್ಗೆ, ಹತ್ತು ಗಂಟೆ ಇರಬಹುದು, ಹಾಡಿಯ ಅವ್ವ ಮೆಣಸಿನ ಬಳ್ಳಿಯ ಬುಡದಲ್ಲಿ ಕಳೆ ತೆಗೆಯುತ್ತಿದ್ದರು. ತರಗೆಲೆಯ ಕೆಳಗಿದ್ದ ಕೊಳಕುಮಂಡಲ ಹಾವು ಬಲಗೈಯ ತೋರುಬೆರಳಿಗೆ ಕಚ್ಚಿತು. ಅವರು ಕೂಗಾಡಲಿಲ್ಲ. ಆ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಡೆದು ಬಂದು ಜಗಲಿಯ ಮೇಲೆ ಕೂತು, "ಅಕ್ಕಾ, ಮಂಡಲ ಮುಟ್ಬುಡ್ತು" ಎಂದರು. ಅತ್ತೆ ಅಲ್ಲಿಂದಲೇ ಕಿರುಚಿದರು: "ಲೋ! ವಂಡಿ ತೆಗ್ಯೋ!"

ಓಡಿಹೋಗಿ ನೋಡುತ್ತೇನೆ, ಅಯ್ಯೋ ದೇವರೇ! ಮಳೆಗೆ ಶೆಡ್ಡಿನ ನೆಲ ನೆನೆದು ಕಲ್ಲುಗಳೆಲ್ಲ ಮಣ್ಣಿಗೆ ಇಳಿದಿದ್ದವು. ಜೀಪು ನೆಲಕ್ಕೆ ಹೊಟ್ಟೆಯಿಟ್ಟು ಕೂತಿತ್ತು. ಚಕ್ರ ಹಾಕಲು ಎತ್ತರವೇ ಇಲ್ಲ. ಜಾಕಿ ಇಟ್ಟರೆ ಗಾಡಿ ಮೇಲೇಳುವ ಬದಲು ಜಾಕಿಯೇ ಕೆಸರಿಗೆ ಇಳಿಯಿತು. ಒಂದು ಹಲಗೆ ಹಾಕಿದೆ, ಮುರಿಯಿತು. ಹತ್ತು ನಿಮಿಷ ಅಲ್ಲೇ ಮುಗಿದುಹೋಯಿತು. ನನಗೆ ಅಳು ಬಂತು. ಮೂವತ್ತೆಂಟು ವರ್ಷದ ಗಂಡಸು, ಸ್ಪ್ಯಾನರ್ ಹಿಡಿದುಕೊಂಡು ಗಟ್ಟಿಯಾಗಿ ಅತ್ತುಬಿಟ್ಟೆ.

ಅಷ್ಟರಲ್ಲಿ ಸುದ್ದಿ ಹಾಡಿಗೆ ಮುಟ್ಟಿತ್ತು. ಅವ್ವನ ಮಗಳು, ಅವಳ ಗಂಡ, ಇನ್ನೂ ಆರೇಳು ಜನ ಗದ್ದೆ ಅಡ್ಡ ಹಾಯ್ದು ಓಡಿ ಬಂದರು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ತೋಟದಲ್ಲಿ ಬಿದ್ದಿದ್ದ ಸಿಲ್ವರ್ ಓಕ್ ಬೊಡ್ಡೆಯೊಂದನ್ನು ತಂದು ಜೀಪಿನ ಕೆಳಗೆ ತೂರಿಸಿದರು. ಗಂಡಸರು ಹೆಂಗಸರು ಎಲ್ಲ ಒಟ್ಟಿಗೆ ಹೆಗಲು ಕೊಟ್ಟರು. ಮಗಳು "ಹೂಂ" ಎಂದಳು, ಅಷ್ಟೇ. ಜೀಪಿನ ಮೂಲೆ ಮೇಲೆದ್ದಿತು! ಕಬ್ಬಿಣದ ಅಷ್ಟು ದೊಡ್ಡ ಗಾಡಿ ಮನುಷ್ಯರ ಹೆಗಲ ಮೇಲೆ ಅಲುಗಾಡದೆ ನಿಂತಿತು. ನಾನು ಅದರ ಕೆಳಗೆ ಕೈ ಹಾಕಿ ಚಕ್ರ ಕೂರಿಸಿ ನಟ್ಟು ಬಿಗಿದೆ. ಹೀಗೆ ನಾಲ್ಕು ಸಲ. ಅವರ ಕಾಲು ಕೆಸರಿನಲ್ಲಿ ಹೂತು ಹೋಗುತ್ತಿತ್ತು, ಕತ್ತಿನ ನರ ಉಬ್ಬಿತ್ತು. ನಾನು ಎಷ್ಟೋ ಎಂಜಿನ್ ಬಿಚ್ಚಿ ಕಟ್ಟಿದ್ದೇನೆ, ಅಂಥ ಬಲ ಯಾವ ಎಂಜಿನ್ನಿನಲ್ಲೂ ಕಂಡಿಲ್ಲ.

ಹೊರಡುವಾಗ ಕಚ್ಚಿ ಅರ್ಧ ಗಂಟೆ ದಾಟಿತ್ತು. ಅವ್ವ ಹಿಂದೆ ಮಗಳ ತೊಡೆಯ ಮೇಲೆ ಮಲಗಿದ್ದರು, ಕೈ ಮೊಣಕೈವರೆಗೆ ಊದಿಕೊಂಡಿತ್ತು. ಅತ್ತೆ ನನ್ನ ಪಕ್ಕ ಕೂತರು. ಟಾರು ರಸ್ತೆಗೆ ಬಂದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. "ಅತ್ತೆ, ಟ್ಯಾಕ್ಸು ಕಟ್ಟಿಲ್ಲ. ಓಡ್ಸಲ್ಲ ಅಂತ ಬರ್ಕೊಟ್ಟಿದೀನಿ. ನೀವು ರುಜು ಹಾಕಿದ್ದು ಅದ್ಕೇ."

ಅವರು ಹಿಂದೆ ತಿರುಗಿ ಅವ್ವನ ಮುಖ ನೋಡಿದರು. ಆಮೇಲೆ, "ಈಗ ಓಡ್ಸು. ಬೈಯೋದು ಆಮೇಲೆ ಬೈತೀನಿ" ಎಂದರು.

ಕಾಟ್ಟಿಕುಳಂ ಹತ್ತಿರ ರೇನ್‌ಕೋಟ್ ಹಾಕಿದ ಒಬ್ಬರು ಗಾಡಿಗಳನ್ನು ನಿಲ್ಲಿಸಿ ಕಾಗದ ನೋಡುತ್ತಿದ್ದರು. ಕೈ ಅಡ್ಡ ಹಿಡಿದರು. ನಾನು ಬ್ರೇಕ್ ಒತ್ತಿದೆ. ನಾನು ಬಾಯಿ ಬಿಡುವ ಮೊದಲೇ ಅತ್ತೆ ತಲೆ ಹೊರಗೆ ಹಾಕಿ ಮಲಯಾಳದಲ್ಲಿ ಕೂಗಿದರು: ಟ್ಯಾಕ್ಸಿಲ್ಲದ ವಂಡಿ, ತಪ್ಪು ನಮ್ಮದೇ, ಹಿಂದೆ ಹಾವು ಕಚ್ಚಿದವಳಿದ್ದಾಳೆ, ನಂಬರ್ ಬರೆದುಕೋ, ದಾರಿ ಬಿಡು! ಆತ ಹಿಂದೆ ಇಣುಕಿ ನೋಡಿದವರೇ ಮುಂದಿದ್ದ ಲಾರಿಯನ್ನು ಪಕ್ಕಕ್ಕೆ ಸರಿಸಲು ಓಡಿದರು. ಸಾಲ ಕೇಳಲೂ ನಾಚುತ್ತಿದ್ದ ನಮ್ಮ ಅತ್ತೆಯೇ ಇವರು ಎಂದು ನಾನು ಅವರ ಮುಖವನ್ನೇ ನೋಡಿದೆ. "ರಸ್ತೆ ನೋಡೋ" ಎಂದರು.

ಮಾನಂದವಾಡಿಯ ಆಸ್ಪತ್ರೆಯಲ್ಲಿ ಅವ್ವ ಉಳಿದರು. ತೋರುಬೆರಳು ಮಾತ್ರ ಕಪ್ಪಾಗಿ ಕೊಳೆಯತೊಡಗಿತು, ತೆಗೆಯಬೇಕಾಯಿತು. ಬೇಗ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗುವುದಿಲ್ಲ, ಬೇಗ ಬಂದಷ್ಟೂ ಒಳ್ಳೆಯದು ಎಂದರು. ಇಲ್ಲ ಅಂದಿದ್ದರೆ ಎಷ್ಟು ಚೆನ್ನಾಗಿತ್ತು.

ಅತ್ತೆ ಬೈಯಲೇ ಇಲ್ಲ. ಹಾವು ಕಚ್ಚಿದ ಮಾರನೆಯ ದಿನವೇ ಒಳ್ಳೆಯ ಸೀರೆ ಉಟ್ಟು ನನ್ನನ್ನು ಕರೆದುಕೊಂಡು ಕಚೇರಿಗೆ ಹೊರಟರು. ಮೇಜಿನ ಮುಂದೆ ನಿಂತು, ಓಡಿಸುವುದಿಲ್ಲ ಎಂದು ಬರೆದುಕೊಟ್ಟಿದ್ದ ವಂಡಿ ನಿನ್ನೆ ಓಡಿದೆ, ಟ್ಯಾಕ್ಸೂ ದಂಡವೂ ಎಷ್ಟು ಹೇಳಿ ಎಂದರು. ಅಧಿಕಾರಿ ಕನ್ನಡಕ ತೆಗೆದು, "ಯಾರೂ ಹಿಡಿದು ಬರೆದಿಲ್ಲವಲ್ಲಮ್ಮ, ನೀವೇ ಯಾಕೆ ಬಂದಿರಿ?" ಎಂದು ಮಲಯಾಳದಲ್ಲಿ ಕೇಳಿದರು. "ಓಡಿತಲ್ಲ" ಎಂದರು ಅತ್ತೆ. ಆ ಮನುಷ್ಯ ಎದ್ದು ಅವರಿಗೆ ಕುರ್ಚಿ ಹಾಕಿದರು. ಇಷ್ಟು ವರ್ಷ ಅನ್ನ ಹಾಕಿದ ಹೆಂಗಸು ಇಷ್ಟು ಎತ್ತರದವರು ಎಂದು ನನಗೆ ಗೊತ್ತೇ ಇರಲಿಲ್ಲ.

ಹೆಚ್ಚು ಓಡಿಸಿದವನು ಹೆಚ್ಚು ಕೊಡಲಿ ಅನ್ನುವುದರಲ್ಲಿ ನ್ಯಾಯ ಇದೆ ಎಂದು ಈಗಲೂ ನನಗೆ ಅನ್ನಿಸುತ್ತದೆ. ಆದರೆ ಚಾಯದ ಅಂಗಡಿಯಲ್ಲಿ ಆ ಮಾತು ಬಂದರೆ ನಾನು ಲೋಟ ಕೆಳಗಿಟ್ಟು ಎದ್ದು ಬರುತ್ತೇನೆ.

ಕಾಫಿ ಹಣ್ಣಾಗುವ ಹೊತ್ತಿಗೆ ಅವ್ವ ಕೆಲಸಕ್ಕೆ ಬಂದರು. ಎಡಗೈಯಲ್ಲಿ ಹಣ್ಣು ಬಿಡಿಸುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದರು. ಅರ್ಧ ಹಣ್ಣು ನೆಲಕ್ಕೆ ಉದುರುತ್ತಿತ್ತು. ಮೂರು ದಿನ ನೋಡಿದೆ. ನಾಲ್ಕನೆಯ ದಿನ ಗಿಡದ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟೆ. ಜಿ ಫಾರಂ, ಕಲ್ಲು, ಟಾರ್ಪಾಲಿನ ಆಸೆ. "ಆ ಅರ್ಧ ಗಂಟೆ ನಾನು ತಿಂದಿದ್ದು ಅವ್ವಾ. ನಿಮ್ಮ ಬೆರಳು ಹೋಗಿದ್ದು ನನ್ನಿಂದ."

ಅವರು ಕೆಲಸ ನಿಲ್ಲಿಸಲಿಲ್ಲ. "ಗೊತ್ತು ಮೋನೇ. ಜಗ್ಲಿ ಮ್ಯಾಲೆ ಮಲ್ಗಿ ನೋಡ್ತಿದ್ನಲ್ಲ. ನೀ ಅಳ್ತಾ ಅಳ್ತಾ ವಂಡಿ ಅಡೀಗೆ ಕೈ ಹಾಕ್ತಿದ್ದೆ. ಬೊಡ್ಡೆ ಜಾರುದ್ರೆ ಹುಡ್ಗನ ಬೆರಳು ಹೋಯ್ತದಲ್ಲಾ ಅಂತ ನಂಗೆ ಜೀವ ಹಾರ್ತಿತ್ತು. ಬೆರಳು ಕಾಯಪ್ಪಾ, ಬೆರಳು ಕಾಯಪ್ಪಾ ಅಂತ ನಮ್ ದೇವ್ರುನ್ನ ಕೂಗ್ತಾನೇ ಇದ್ದೆ."

ನನ್ನ ಹತ್ತೂ ಬೆರಳು ನೆಟ್ಟಗಿದ್ದವು. ಅವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ.