ಅಲ್ಲಾಡಬೇಡ, ಸಾಮಾನು ಕೊಡು

ತೊಂಬತ್ತರ ದಶಕದಲ್ಲಿ ಬಂಗಾರಪೇಟೆಯ ಒಂದು ಶೆಡ್ಡಿನಲ್ಲಿ ನಾವಿಬ್ಬರು ಹಾಲು ತೂಗುವ ಯಂತ್ರ ಮಾಡುತ್ತಿದ್ದೆವು. ತಟ್ಟೆ, ತಂತಿಗಳ ಕೆಲಸ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಉಪಕರಣ ರಿಪೇರಿ ಮಾಡಿ ನಿವೃತ್ತರಾದ ಹಿರಿಯರದು. ಒಳಗಿನ ಪ್ರೋಗ್ರಾಮು ನನ್ನದು. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವನು. ಆರೋಪ ಮಾಡಿದವರೇ ಸಾಬೀತು ಮಾಡಬೇಕೆಂಬುದು ನನ್ನ ಮೊದಲ ಸೂತ್ರ. ಅದನ್ನು ದೇವರಿಗೂ ಅನ್ವಯಿಸಿ ಮನೆಯಲ್ಲಿ ಬೈಸಿಕೊಂಡಿದ್ದೆ.

ಪ್ರೋಗ್ರಾಮಿನ ತಿರುಳಿಗೆ ಕರ್ನಲ್ ಎನ್ನುತ್ತಾರೆ; ಯಾವ ಕೆಲಸ ಯಾವಾಗ ಎಂದು ಹಂಚುವುದು ಅದು. ತಟ್ಟೆಯ ಮೇಲೆ ಕ್ಯಾನು ಕೂತ ಕೂಡಲೇ ಅದಕ್ಕೆ ಇಂಟರಪ್ಟ್ ಎಂಬ ಕರೆ ಬರುತ್ತದೆ: ಎಲ್ಲ ಇದ್ದಲ್ಲೇ ನಿಲ್ಲಿಸು, ಮೊದಲು ನನ್ನ ನೋಡು. ಆ ಕರೆಗೆ ಓಗೊಡುವಾಗಲೇ ನಾನು ತೂಕ ಬರೆದಿಡಲು ಮೆಮೊರಿಯಲ್ಲಿ ಜಾಗ ಕೇಳುತ್ತಿದ್ದೆ.

"ತಂಬಿ, ಆ ಹೊತ್ನಲ್ಲಿ ಜಾಗ ಕೇಳಬ್ಯಾಡ. ಮೊದ್ಲೇ ಎತ್ತಿಟ್ಕೋ," ಎಂದರು ಹಿರಿಯರು.

"ಯಾಕೆ ಸಾರ್, ಕೆಟ್ಟಿದೆಯಾ? ತೋರಿಸಿ."

"ಕೆಡ್ತದೆ."

"ಭವಿಷ್ಯ ಹೇಳೋದು ವಾದ ಆಗಲ್ಲ."

ಮೂರು ದಿನ ನೀರು ತುಂಬಿದ ಕ್ಯಾನನ್ನು ಇಟ್ಟೆ, ತೆಗೆದೆ. ಒಮ್ಮೆಯೂ ನಿಲ್ಲಲಿಲ್ಲ. ಗೆದ್ದೆ ಎಂದುಕೊಂಡೆ.

ನಮ್ಮ ಮೊದಲ ಗಿರಾಕಿ ಹತ್ತಿರದ ಹಳ್ಳಿಯ ಡೈರಿ. ಒಂದು ಬೆಳಿಗ್ಗೆ ನಿಲ್ಲದೆ ತೂಗಿದರೆ ಯಂತ್ರ ಇಟ್ಟುಕೊಳ್ಳುತ್ತಾರೆ; ಇಲ್ಲದಿದ್ದರೆ ಅದೂ ವಾಪಸ್, ಶೆಡ್ಡಿಗೂ ಬೀಗ. ಮಾರಿಕುಪ್ಪಂನಿಂದ ಬರುವ ಬೆಂಗಳೂರು ಟ್ರೈನು ಹಿಡಿಯಬೇಕಾದವರು ಹಾಲು ಹಾಕಿಯೇ ಓಡಬೇಕು. ಶೆಡ್ಡಿನಲ್ಲಿ ನಾನು ಪ್ರತಿ ತೂಕದ ಚೀಟಿ ಪೂರ್ತಿ ಮುದ್ರಣವಾಗುವವರೆಗೆ ಮರ್ಯಾದಸ್ಥನಂತೆ ಕಾದಿದ್ದೆ. ಇಲ್ಲಿ ಒಬ್ಬರ ಚೀಟಿ ಅರ್ಧ ಹೊರಬರುವಷ್ಟರಲ್ಲಿ ಮುಂದಿನವರ ಕ್ಯಾನು ತಟ್ಟೆಯ ಮೇಲೆ. ಆರನೆಯ ಕ್ಯಾನಿಗೆ ಯಂತ್ರ ಕಲ್ಲಾಯಿತು.

"ನೋಡಿ, ಇದು ಲಕ್ಷಕ್ಕೊಂದು ಸಲ..." ಎಂದು ಶುರುಮಾಡಿದೆ.

"ಲಕ್ಷದ್ ಮಾತು ಆಮೇಲಾಡು ಸಾಮಿ, ಆಲು ಒಡ್ದೋಯ್ತದೆ!" ಎಂದಳು ಆರನೆಯ ಕ್ಯಾನಿನವಳು.

"ಮಿಷಿನ್ನು ನಿಂತೋಯ್ತು, ಬಾಯಿ ಮಾತ್ರ ನಿಲ್ಲಾಕಿಲ್ಲ," ಎಂದರು ಡೈರಿಯ ಸೆಕ್ರೆಟರಿ. "ನಾಳೆ ಇನ್ನೊಂದಿನ ನೋಡ್ತೀನಿ. ನಿಂತ್ರೆ ಎತ್ಕೊಂಡೋಗಿ."

ಶೆಡ್ಡಿಗೆ ಮರಳಿದ ಮೇಲೂ ನಾನು ಸೋಲಲಿಲ್ಲ. "ಜಾಗ ಬೇಕಾದಷ್ಟಿತ್ತು ಸಾರ್. ಕೇಳಿದರೆ ಏನು ತಪ್ಪು?"

"ನಿನ್ ಮೆಮೊರಿನ ಗಣಿ ಸ್ಟೋರ್ ಅನ್ಕೋ," ಎಂದರು. "ಚೀಟಿ ಅಚ್ಚಾಕೋ ಕೆಲ್ಸಕ್ಕೆ ಸಾಮಾನು ತೆಗಿಯಾಕೆ ಕ್ಲರ್ಕು ಒಳಗಿಂದ ಬೀಗ ಹಾಕ್ಕೊಂಡವ್ನೆ. ಅಷ್ಟ್ರಲ್ಲಿ ಇನ್ನೊಂದು ಕ್ಯಾನು ಬಂತು ಅಂತ ನೀನು ಗಂಟೆ ಒಡ್ದು ಎಲ್ಲಾರ್ಗೂ 'ಅಲ್ಲಾಡಬ್ಯಾಡಿ' ಅಂದೆ. ಅವ್ನೂ ನಿಂತ. ಆಮೇಲೆ ಬಾಗ್ಲು ಬಡಿದು 'ಸಾಮಾನು ಕೊಡು' ಅಂತೀಯ. ಅಲ್ಲಾಡಂಗಿಲ್ಲ ಅಂದ್ಮೇಲೆ ಅವ್ನು ಯಾವ ಕೈಲಿ ಕೊಡ್ತಾನೆ ತಂಬಿ? ಕೊಡೋಗಂಟ ನೀನೂ ಓಗಾಕಿಲ್ಲ."

ಖಂಡಿಸಲು ಬಾಯಿ ತೆರೆದೆ. ಮುಚ್ಚಿದೆ. ಅದು ಅವರಿಗೂ ಹೊಸ ಅನುಭವ. ಗಾಬರಿಯಾಗಿ ನೀರು ಕೊಟ್ಟರು.

ಸಂಜೆಯೊಳಗೆ ಬದಲಿಸಿದೆ. ಯಂತ್ರ ಶುರುವಾಗುವಾಗಲೇ ಹದಿನಾರು ತೂಕಗಳಿಗೆ ಜಾಗ ಮೀಸಲು. ಕ್ಯಾನು ಬಂದಾಗ ತೂಕವನ್ನು ಅಲ್ಲಿ ಬರೆದು ಹೊರಟುಬಿಡಬೇಕು, ಯಾರನ್ನೂ ಏನನ್ನೂ ಕೇಳುವಂತಿಲ್ಲ. ಚೀಟಿ ಮುದ್ರಣವಾದಂತೆ ಆ ಜಾಗ ಮತ್ತೆ ಖಾಲಿ. ಅದಕ್ಕೂ ಮೊದಲೇ ಹದಿನೇಳನೆಯದು ಬಂದರೆ? ನನಗೆ ನಾನೇ ಎದುರಾಳಿಯಾಗಿ ಕೇಳಿಕೊಂಡು, 'ಸ್ವಲ್ಪ ತಡೆಯಿರಿ' ಎನ್ನಲು ಒಂದು ಕೆಂಪು ದೀಪವನ್ನೂ ಸೇರಿಸಿದೆ.

ಮರುದಿನವೂ ಅದೇ ನೂಕುನುಗ್ಗಲು. ಚೀಟಿಯ ಹಿಂದೆ ಚೀಟಿ ಬಂತು. ಕೊನೆಯ ಕ್ಯಾನು ಇಳಿಯಿತು, ಯಂತ್ರ ನಿಲ್ಲಲಿಲ್ಲ.

"ಅದ್ಸರಿ, ನೆನ್ನೆ ಏನಾಗಿತ್ತು?" ಎಂದು ಸೆಕ್ರೆಟರಿ ಕೇಳಿದರು.

"ಇದರಲ್ಲಿ ಮೂಲಭೂತವಾಗಿ ಮೂರು ಅಂಶಗಳಿವೆ," ಎಂದು ಗಂಟಲು ಸರಿಮಾಡಿಕೊಂಡೆ.

ಸೆಕ್ರೆಟರಿ ಹಿರಿಯರ ಕಡೆ ತಿರುಗಿ ಕೈಮುಗಿದರು.

"ಮಿಷಿನ್ನು ಇಲ್ಲೇ ಇರ್ಲಿ ಸಾ. ಇವ್ರನ್ನ ಮಾತ್ರ ವಾಪಸ್ ಕರ್ಕೊಂಡೋಗಿ."