ಗೊಬ್ಬರಕ್ಕೆ ಮಣೆ ಹಾಕುವ ಚಂದವ್ವ

ತಂಗಡಗಿಯಲ್ಲಿ ಸೂರ್ಯನೂ ಕೃಷ್ಣೆಯ ಮಂಜನ್ನು ಕೇಳಿಯೇ ಮೂಡಬೇಕು. ಆ ಮಂಜಿನಲ್ಲಿ ಕಬ್ಬಿನ ಸಾಲುಗಳು ತೇಲುತ್ತವೆ, ನಡುವೆ ಚಂದವ್ವ ತೇಲುತ್ತಾಳೆ. ಮೂಗಿಗೆ ಸೆರಗು, ಕೈಗೆ ರಬ್ಬರಿನ ಗವಸು, ಗಾಳಿಗೆ ಬೆನ್ನು. ಯೂರಿಯಾ ಬುಡಕ್ಕೆ ಬೀಳುವ ಸದ್ದು ನಿದ್ದೆಯಲ್ಲಿ ಯಾರೋ ಮಾತಾಡಿದಂತಿದೆ. ಒಂದು ಹರಳು ಸಾಲು ತಪ್ಪಿದ್ದನ್ನು ಕಂಡವರು ಇಂಡಿಯಿಂದ ಮುದ್ದೇಬಿಹಾಳದವರೆಗೆ ಇನ್ನೂ ಹುಟ್ಟಿಲ್ಲ.

ಹೂವಿನ ಹಿಪ್ಪರಗಿಯ ಈ ಮಗಳು ಮದುವೆಯಾಗಿ ಬಂದಾಗಿನಿಂದ ಕಂಡವರ ಹೊಲಕ್ಕೆ ಗೊಬ್ಬರ ಹಾಕುತ್ತಾಳೆ. ಹಿಂದೊಮ್ಮೆ ಗೊಬ್ಬರದ ಬಕೆಟ್ಟಿನಲ್ಲಿ ಉಳಿದ ನೀರು ಕುಡಿದು ಆಕೆಯ ಎಮ್ಮೆ ಸತ್ತಿತು. ಅವತ್ತಿನಿಂದ ಗೊಬ್ಬರದ ಚೀಲಕ್ಕೆ ಆಕೆ ಇಟ್ಟ ಹೆಸರು ಅಳಿಯ.

"ಅಳಿಯನಂಗ ಮಣಿ ಹಾಕಿ ಕುಂದ್ರಸಬೇಕ್ರಿ, ತ್ಯಾವ ತಾಗಿಸಬಾರದು. ದನದ ಮನಿಗಂತೂ ಬಿಡಬಾರದು."

ಅಳಿಯ ಬಂದಾನ ಎಂದು ಆಕೆ ಕೂಗಿದ್ದನ್ನು ನಂಬಿ ನೆರೆಮನೆಯ ಸುಂದರವ್ವ ಹೋಳಿಗೆ ಮಾಡಿ ತಂದಳಂತೆ. ಆ ಘಮಕ್ಕೆ ಸಿಂದಗಿ ಬಸ್ಸು ದಾರಿ ತಪ್ಪಿ ಈ ಊರಿಗೆ ಬಂತು.

ಇವತ್ತು ಮೋಡ ಕವಿದಿದೆ. ಹೊಲದ ಒಡೆಯ ಅಪ್ಪಾಸಾಬ ಉಳಿದ ಚೀಲಗಳನ್ನು ಕೊಟ್ಟಿಗೆಯ ಮೇವಿನ ಮೇಲೆ ಒಟ್ಟಿದ್ದಾನೆ. ಪಕ್ಕದಲ್ಲೇ ತುಂಬಿದ ಗಬ್ಬದ ಎಮ್ಮೆ. ಬುಟ್ಟಿ ತುಂಬಿಕೊಳ್ಳಲು ಬಂದ ಚಂದವ್ವ ಅಲ್ಲೇ ನಿಂತುಬಿಡುತ್ತಾಳೆ. ಚೀಲ ತೆಗೆಯುವ ತನಕ ಕೆಲಸವಿಲ್ಲ ಎನ್ನುತ್ತಾಳೆ.

"ಎಮ್ಮಿ ಏನು ಹಲ್ಲಿಲೆ ಚೀಲ ಬಿಚ್ಚತೈತೇನ ಚಂದವ್ವ?"

"ಒಂದು ಚೀಲ ಹರದೈತ್ರಿ ಸಾವಕಾರ್ರ. ಅದು ಉಪ್ಪಂತ ನೆಕ್ಕತೈತಿ."

ಅಪ್ಪಾಸಾಬ ಸಿಟ್ಟಾಗುತ್ತಾನೆ. ಗೊಬ್ಬರ ಹಾಕುವವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ನಾಳೆಯಿಂದ ಬರಬೇಡ ಎನ್ನುತ್ತಾನೆ. ಈ ಹಂಗಾಮಿನಲ್ಲಿ ಚಂದವ್ವನ ಕೈಯಲ್ಲಿರುವುದು ಇದೊಂದೇ ಕೆಲಸ. ಆಕೆ ಗವಸು ಕಳಚುವುದಿಲ್ಲ, ಎಮ್ಮೆಗೂ ಚೀಲಕ್ಕೂ ನಡುವೆ ಕೂತುಬಿಡುತ್ತಾಳೆ. ಎಮ್ಮೆ ಆಕೆಯ ಹೆಗಲ ಮೇಲಿಂದ ನಾಲಿಗೆ ಚಾಚುತ್ತದೆ. ಆಕೆ ಮೊಣಕೈಯಿಂದ ಮೂತಿ ತಳ್ಳುತ್ತಾಳೆ. ಮತ್ತೆ ಚಾಚುತ್ತದೆ, ಮತ್ತೆ ತಳ್ಳುತ್ತಾಳೆ.

ಅದನ್ನು ನೋಡಿದ ಅಪ್ಪಾಸಾಬ ತಾನೇ ಮುಂದೆ ಬರುತ್ತಾನೆ. ನದಿಯೇ ಹಿಂದೆ ಸರಿಯುವಷ್ಟು ಗೊಣಗುತ್ತ ಚೀಲಗಳನ್ನು ಹೊತ್ತು ಪಂಪಿನ ಮನೆಗೆ ಸಾಗಿಸುತ್ತಾನೆ, ಕೆಳಗೆ ಹಲಗೆಯನ್ನೂ ಹಾಸುತ್ತಾನೆ. ಚಂದವ್ವ ಉದುರಿದ ಹರಳು ಗುಡಿಸಿ, ಮೇಲಿನ ಮೇವು ತೆಗೆದೊಗೆದು, ಬುಟ್ಟಿ ತುಂಬಿಕೊಂಡು ಸಾಲಿಗೆ ಇಳಿಯುತ್ತಾಳೆ.

ಏನು ಬೇಕು ನಿನಗೆ ಎಂದು ಅಪ್ಪಾಸಾಬ ಕೇಳಿದರೆ ಬುಡಕ್ಕೆ ಗೊಬ್ಬರ ಹಾಕುತ್ತಲೇ ಹೇಳುತ್ತಾಳೆ.

"ಎಮ್ಮಿ ಈದಾಗ ಒಂದು ಬಟ್ಟಲ ಗಿಣ್ಣ ಕಳಸಿದ್ರ ಸಾಕ್ರಿ. ಈಗ ಅದು ನಂದೂ ಆತಲ್ರಿ."